ಕೌದಿಯ ಬೆನ್ನು

ಹೋದ ಚಳಿಗಾಲದಲ್ಲಿ ಧಾರವಾಡದಲ್ಲೊಂದು ಕೌದಿಗಳ ಪ್ರದರ್ಶನವಿತ್ತು. ನವಲಗುಂದದಿಂದ ಅವ್ವನನ್ನು ಕರೆದುಕೊಂಡು ಹೋಗಿದ್ದೆ. ಬಿಳಿ ಗೋಡೆಗಳು, ಮೇಲಿನಿಂದ ಬೀಳುವ ಮೆತ್ತನೆಯ ಬೆಳಕು, ಗೋಡೆಗೆ ಒಂದೊಂದೇ ಕೌದಿ. ಅವ್ವ ಮೊದಲನೆಯದರ ಮುಂದೆ ಒಂದು ಗಳಿಗೆ ನಿಂತಳು. ಆಮೇಲೆ ಹತ್ತಿರ ಹೋಗಿ, ಕೆಳಗಿನ ಮೂಲೆಯನ್ನು ಎರಡು ಬೆರಳಲ್ಲಿ ಹಿಡಿದು ಮಗುಚಿದಳು. ಕಾವಲಿಗಿದ್ದ ಹುಡುಗ ಓಡಿ ಬಂದ.

"ಅಜ್ಜೀ, ಮುಟ್ಟಬ್ಯಾಡ್ರಿ. ಬೋರ್ಡ್ ಹಾಕ್ಯಾರ ನೋಡ್ರಿ."

"ಮುಟ್ಟದ ಕೌದಿ ಹೆಂಗ ನೋಡೂದೋ ತಮ್ಮಾ?"

ಹುಡುಗನಿಗೆ ಉತ್ತರ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ. ಮೂರನೆಯ ಗೋಡೆಯ ಮೇಲೆ ಅವ್ವ ತಾನೇ ಹೊಲಿದ ಕೌದಿ ಇತ್ತು. ಅದರ ಮೂಲೆಯನ್ನೂ ಎತ್ತಿದಳು. ಹುಡುಗ ಮತ್ತೆ ಬಂದ. "ಇದು ನಂದೈತೋ" ಎಂದಳು ಅವ್ವ. ಅವನು ಪಕ್ಕದಲ್ಲಿ ಅಂಟಿಸಿದ್ದ ಚೀಟಿಯತ್ತ ಕೈ ತೋರಿಸಿದ. ಅದರಲ್ಲಿ ಬರೆದದ್ದು ಇಷ್ಟು: ಕೌದಿ, ಹತ್ತಿ ಬಟ್ಟೆ, ಕೈಹೊಲಿಗೆ. ನವಲಗುಂದ. ಸುಮಾರು 1985. ಕಲಾವಿದೆ: ತಿಳಿದಿಲ್ಲ.

ಅವ್ವನಿಗೆ ಓದಲು ಬರುತ್ತದೆ. ಓದಿದಳು. ಏನೂ ಅನ್ನಲಿಲ್ಲ, ಮುಂದಿನ ಗೋಡೆಗೆ ಹೋದಳು. ಅಲ್ಲಿ ನಾನು ಹೊಲಿದ ಕೌದಿ ಇತ್ತು, ಚೀಟಿಯಲ್ಲಿ ನನ್ನ ಹೆಸರೂ ಇತ್ತು. ಅದರ ಬಗ್ಗೆ ಅವ್ವ ಹೇಳಿದ ಮಾತನ್ನು ಕೊನೆಗೆ ಹೇಳುತ್ತೇನೆ. ಆ ಮಾತು ಸರಿ ಎಂದು ಒಪ್ಪಲು ನನಗೆ ಒಂಬತ್ತು ತಿಂಗಳು ಬೇಕಾದವು.

ಮೊದಲೇ ಹೇಳಿಬಿಡುತ್ತೇನೆ, ನನಗೆ ಪ್ರದರ್ಶನಗಳೆಂದರೆ ಜಾತ್ರೆ ಇದ್ದ ಹಾಗೆ. ಹುಬ್ಬಳ್ಳಿಯಲ್ಲಿ ಕರಕುಶಲ ಮೇಳ ಬಂದರೆ ಮೊದಲ ದಿನವೇ ಹೋಗುತ್ತೇನೆ. 2019ರ ಜನವರಿಯಲ್ಲಿ ಚೆನ್ನೈನಲ್ಲಿ ಇಂಡಿಯಾ ಕ್ವಿಲ್ಟ್ ಫೆಸ್ಟಿವಲ್ ನಡೆದಾಗ ರೈಲು ಹತ್ತಿ ಹೋಗಿದ್ದೆ. ಹೊಲಿಯುವ ಹೆಂಗಸರು ಇಂಥ ಕಡೆ ನಡೆಯುವ ರೀತಿಯೇ ಬೇರೆ. ದೂರ ನಿಂತು ಬಣ್ಣ ನೋಡುತ್ತಾರೆ, ಆಮೇಲೆ ಮೂಗು ತಾಗುವಷ್ಟು ಹತ್ತಿರ ಹೋಗಿ ಮೂಲೆ ನೋಡುತ್ತಾರೆ. ನಾಲ್ಕು ತುಂಡು ಸೇರುವ ಜಾಗದಲ್ಲಿ ಬಿಂದು ಕೂಡಿದೆಯೋ ಜಾರಿದೆಯೋ, ಅಂಚು ಸೊಟ್ಟ ಎಳೆದಿದೆಯೋ, ದಾರ ಎಲ್ಲಿ ಶುರುವಾಗಿ ಎಲ್ಲಿ ಮುಗಿದಿದೆ, ಎಲ್ಲ ಬೇಕು. ಪಕ್ಕದಲ್ಲಿ ನಿಂತ ಅಪರಿಚಿತಳ ಜತೆ ಅರ್ಧ ತಾಸು ದಾರದ ಬಗ್ಗೆ ಮಾತಾಡಿ, ಹೆಸರು ಕೇಳದೆಯೇ ಬೀಳ್ಕೊಡುವುದು ಇಂಥಲ್ಲಿ ಮಾತ್ರ. ಮನೆಗೆ ಬಂದರೆ ಎರಡು ದಿನ ನಿದ್ದೆ ಬರುವುದಿಲ್ಲ, ಕೈ ಕಡಿಯುತ್ತಿರುತ್ತದೆ.

ಹಾಗಾಗಿ ಈ ಬರಹ ಪ್ರದರ್ಶನಗಳ ಮೇಲಿನ ದೂರು ಅಂದುಕೊಳ್ಳಬೇಡಿ. ಕೌದಿ ಗೋಡೆ ಹತ್ತಿದ್ದು ನನಗೆ ಸಂತೋಷವೇ. ನನ್ನ ಪ್ರಶ್ನೆ ಬೇರೆ: ಗೋಡೆ ಹತ್ತಿದ ಕೌದಿಯನ್ನು ಚೆಂದ ಎಂದೋ ಸಾಧಾರಣ ಎಂದೋ ಹೇಳುವಾಗ ನಾವು ಯಾರ ಅಳತೆಗೋಲು ಹಿಡಿದಿದ್ದೇವೆ?

ಕೌದಿ ಹೇಗೆ ಹುಟ್ಟುತ್ತದೆ ಎಂಬುದು ಗೊತ್ತಿಲ್ಲದೆ ಈ ಪ್ರಶ್ನೆಗೆ ಉತ್ತರವಿಲ್ಲ. ನಮ್ಮ ಮನೆಯಲ್ಲಿ ನಡೆಯುವ ಕ್ರಮ ಇದು. ಒಂದು ಹಳೆಯ ಸೀರೆಯನ್ನು ಪಡಸಾಲೆಯ ನೆಲದ ಮೇಲೆ ಬಿಗಿಯಾಗಿ ಹಾಸುತ್ತಾರೆ. ಅದರ ಮೇಲೆ ಹರಿದ ಧೋತರ, ಲುಂಗಿ, ಪರಕಾರ, ಅಂಗಿಯ ಬೆನ್ನು, ಯಾವುದು ಇನ್ನು ಉಡಲು ಬರುವುದಿಲ್ಲವೋ ಅದೆಲ್ಲ ಹರಡುತ್ತದೆ. ಸವೆದ ಜಾಗದ ಮೇಲೆ ಗಟ್ಟಿ ತುಂಡು, ಗಟ್ಟಿ ಇದ್ದಲ್ಲಿ ತೆಳು ತುಂಡು. ಎಲ್ಲಿಯೂ ಉಬ್ಬು ಬರಬಾರದು, ಎಲ್ಲಿಯೂ ತಗ್ಗು ಬೀಳಬಾರದು. ಮೇಲೆ ಇನ್ನೊಂದು ಸೀರೆ, ಇಲ್ಲವೇ ಬಣ್ಣದ ತುಂಡುಗಳ ಸಾಲು. ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಎಲ್ಲವನ್ನೂ ಹಿಡಿದು ನಿಲ್ಲಿಸಿ, ಆಮೇಲೆ ಅದರ ಮೇಲೆಯೇ ಕೂತು ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಹೊಲಿಯುತ್ತಾ ಬರುವುದು. ಇಬ್ಬರು ಕೂತರೆ ಒಬ್ಬಳು ಆ ಕಡೆಯಿಂದ, ಒಬ್ಬಳು ಈ ಕಡೆಯಿಂದ. ನಡುವೆ ಸಾಲುಗಳು ಕೂಡುವಲ್ಲಿ ಯಾರ ಕೈ ಎಂಥದು ಎಂದು ತಿಳಿದುಹೋಗುತ್ತದೆ.

ಅಮೆರಿಕ, ಇಂಗ್ಲೆಂಡಿನ ಕ್ವಿಲ್ಟ್‌ಗಳಲ್ಲಿ ಸಾಮಾನ್ಯವಾಗಿ ಕೆಲಸ ಎರಡು ಹಂತದ್ದು. ಮೊದಲು ತುಂಡುಗಳನ್ನು ಒಂದಕ್ಕೊಂದು ಜೋಡಿಸಿ ಮೇಲ್ಪದರ ಮಾಡಿಕೊಳ್ಳುತ್ತಾರೆ. ಆಮೇಲೆ ಅದರ ಕೆಳಗೆ ಹತ್ತಿಯ ಹಾಸು, ಅದರ ಕೆಳಗೆ ಅಸ್ತರ ಇಟ್ಟು ಮೂರನ್ನೂ ಸೇರಿಸಿ ಹೊಲಿಯುತ್ತಾರೆ. ಚಿತ್ತಾರ ಮೊದಲು, ಹೊಲಿಗೆ ಆಮೇಲೆ. ನಮ್ಮಲ್ಲಿ ಅನೇಕ ಸಲ ಎರಡೂ ಒಂದೇ ಕೆಲಸ. ತುಂಡನ್ನು ಹಿಡಿದು ನಿಲ್ಲಿಸುವ ದಾರವೇ ಪದರಗಳನ್ನೂ ಕೂಡಿಸುತ್ತದೆ. ಅಂದರೆ ಕೌದಿಯಲ್ಲಿ ಬಣ್ಣದ ತುಂಡು ಕಣ್ಣಿಗೆ ಮೊದಲು ಬಿದ್ದರೂ, ಅದನ್ನು ಕೌದಿಯಾಗಿಸುವುದು ಹೊಲಿಗೆಯ ಸಾಲು. ಬಣ್ಣ ಬೇಡವೆಂದರೆ ಎರಡು ಬಿಳಿ ಧೋತರದಲ್ಲೂ ಒಳ್ಳೆಯ ಕೌದಿ ಆಗುತ್ತದೆ. ಹೊಲಿಗೆ ಕೆಟ್ಟರೆ ರೇಷ್ಮೆ ತುಂಡು ಹಚ್ಚಿದರೂ ಆಗುವುದಿಲ್ಲ.

ಈ ಸಾಲು ನಿಜವಾಗಿ ಕಾಣುವುದು ಬೆನ್ನಿನಲ್ಲಿ. ಮುಂಭಾಗದಲ್ಲಿ ಬಣ್ಣ ಕಣ್ಣನ್ನು ಎಳೆಯುತ್ತದೆ. ಬೆನ್ನು ಒಂದೇ ಬಣ್ಣದ ಸೀರೆ, ಅದರ ಮೇಲೆ ದಾರ ಮಾತ್ರ. ಕೈ ಎಲ್ಲಿ ದಣಿದಿದೆ, ಎಲ್ಲಿ ಅವಸರ ಮಾಡಿದೆ, ಎಲ್ಲಿ ಮಾತಿಗೆ ಕೂತು ಸಾಲು ಸೊಟ್ಟವಾಗಿದೆ, ಎಲ್ಲಿ ಬೇರೊಬ್ಬಳು ಸೂಜಿ ತೆಗೆದುಕೊಂಡಿದ್ದಾಳೆ, ಎಲ್ಲವೂ ಅಲ್ಲಿ ಬರೆದಿರುತ್ತದೆ. ಅವ್ವ ಮೂಲೆ ಮಗುಚಿದ್ದು ಅದಕ್ಕೇ.

ಬೆನ್ನನ್ನು ನೋಡಿ ಕೆಲಸ ಅಳೆಯುವುದು ನಮ್ಮ ಸೀಮೆಗೆ ಹೊಸದೇನಲ್ಲ. ಧಾರವಾಡದ ಕಸೂತಿಯನ್ನೇ ನೋಡಿ. ಗವಂತಿ, ಮುರಗಿ ಹೊಲಿಗೆಗಳಲ್ಲಿ ಮುಂದೆ ಹೇಗೋ ಹಿಂದೆಯೂ ಹಾಗೆಯೇ ಇರಬೇಕು, ದಾರಕ್ಕೆ ಗಂಟು ಹಾಕುವಂತಿಲ್ಲ. ಕಸೂತಿ ಬಲ್ಲ ಯಾವ ಹಿರಿಯಳ ಕೈಗಾದರೂ ಸೆರಗು ಕೊಡಿ, ಅವಳು ಮೊದಲು ತಿರುಗಿಸಿ ನೋಡುತ್ತಾಳೆ. ನಮ್ಮಲ್ಲಿ ವಿಮರ್ಶೆ ಎಂಬ ಪದ ಅಂಗಳಕ್ಕೆ ಬಂದಿರಲಿಕ್ಕಿಲ್ಲ. ಆದರೆ ತಿರುಗಿಸಿ ನೋಡುವ ರೂಢಿ ಬಂದು ಬಹಳ ಕಾಲವಾಯಿತು.

ಹೊರಗಿನ ಕ್ವಿಲ್ಟ್ ಲೋಕದಲ್ಲೂ ಇದು ಗೊತ್ತು. ಅಮೆರಿಕದ ಹ್ಯೂಸ್ಟನ್, ಪಡುಕಾದಂಥ ಊರುಗಳಲ್ಲಿ ಪ್ರತಿವರ್ಷ ಹೊಲಿಯುವವರದೇ ದೊಡ್ಡ ಪ್ರದರ್ಶನಗಳು ನಡೆಯುತ್ತವೆ. ಅಲ್ಲಿಯೂ ಮುಟ್ಟುವಂತಿಲ್ಲ. ಆದರೆ ಬಿಳಿ ಕೈಚೀಲ ಹಾಕಿಕೊಂಡ ಸ್ವಯಂಸೇವಕಿಯರು ಸಾಲುಗಳ ನಡುವೆ ಓಡಾಡುತ್ತಿರುತ್ತಾರೆ. ಬೆನ್ನು ನೋಡಬೇಕು ಎಂದು ಕೇಳಿದರೆ ಸಾಕು, ಮೂಲೆಯನ್ನು ನಾಜೂಕಾಗಿ ಎತ್ತಿ ತೋರಿಸುತ್ತಾರೆ. ತೀರ್ಪುಗಾರರೂ ಬೆನ್ನು ನೋಡಿಯೇ ಅಂಕ ಕೊಡುವುದು. ಅವ್ವನ ಪ್ರಶ್ನೆಗೆ ಉತ್ತರ ಹೊಳೆಯದ ಆ ಹುಡುಗನ ಕೈಗೆ ಒಂದು ಜೊತೆ ಬಿಳಿ ಕೈಚೀಲ ಕೊಟ್ಟಿದ್ದರೆ ಸಾಕಿತ್ತು.

ನಮ್ಮ ಕೌದಿ ಬಂದ ದಾರಿ ಬೇರೆ. ಅದು ಹೊಲಿಯುವವರ ಪ್ರದರ್ಶನದ ಮೂಲಕ ಬರಲಿಲ್ಲ, ಚಿತ್ರಕಲೆಯ ಗ್ಯಾಲರಿಗೆ ನೇರವಾಗಿ ಹೋಯಿತು. ಆ ದಾರಿ ತೆರೆದದ್ದು 1971ರಲ್ಲಿ, ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿ. ಜೊನಾಥನ್ ಹೋಲ್‌ಸ್ಟೀನ್ ಮತ್ತು ಗೇಲ್ ವ್ಯಾನ್ ಡರ್ ಹೂಫ್ ಎಂಬ ಸಂಗ್ರಾಹಕರು ತಾವು ಕೂಡಿಟ್ಟ ಹಳೆಯ ಅಮೆರಿಕನ್ ಕ್ವಿಲ್ಟ್‌ಗಳನ್ನು ಅಲ್ಲಿ ಬಿಳಿ ಗೋಡೆಗೆ ಅಮೂರ್ತ ವರ್ಣಚಿತ್ರಗಳ ಹಾಗೆ ತೂಗುಹಾಕಿದರು. ಜನ ಬೆರಗಾದರು. ಹಾಸಿಗೆಯ ಮೇಲಿದ್ದಾಗ ಯಾರೂ ಎರಡನೆಯ ಸಲ ನೋಡದ ವಸ್ತು ಅಂದಿನಿಂದ ಕಲೆಯಾಯಿತು. ಎರಡು ವರ್ಷದ ನಂತರ, 1973ರಲ್ಲಿ, ಪೆಟ್ರೀಷಿಯಾ ಮೈನಾರ್ಡಿ ಎಂಬ ಕಲಾವಿದೆ ಒಂದು ಸ್ತ್ರೀವಾದಿ ಪತ್ರಿಕೆಯಲ್ಲಿ ದೀರ್ಘ ಲೇಖನ ಬರೆದು ಈ ಬೆರಗನ್ನು ಪ್ರಶ್ನಿಸಿದರು. ಗಂಡಸರ ಅಮೂರ್ತ ಚಿತ್ರಗಳಂತೆ ಕಾಣುತ್ತದೆ ಎಂಬ ಕಾರಣಕ್ಕೆ ಕ್ವಿಲ್ಟ್ ಅನ್ನು ಮೆಚ್ಚುವುದಾದರೆ, ಅದನ್ನು ಮಾಡಿದ ಹೆಂಗಸರೂ ಅವರ ಪರಂಪರೆಯೂ ಎಲ್ಲಿ ಹೋದವು ಎಂಬುದು ಅವರ ಆಕ್ಷೇಪಣೆಯ ಸಾರ. ಅದು ಇಂದಿಗೂ ಹಳತಾಗಿಲ್ಲ.

2002ರಲ್ಲಿ ಹ್ಯೂಸ್ಟನ್ನಿನ ಕಲಾ ಮ್ಯೂಸಿಯಂನಲ್ಲಿ ಶುರುವಾಗಿ ಅದೇ ವಿಟ್ನಿಗೆ ಬಂದ ಜೀಸ್ ಬೆಂಡ್ ಪ್ರದರ್ಶನ ಒಂದು ಹೆಜ್ಜೆ ಮುಂದೆ ಹೋಯಿತು. ಜೀಸ್ ಬೆಂಡ್ ಅಲಬಾಮಾದ ಹೊಳೆಯ ತಿರುವಿನಲ್ಲಿರುವ ಚಿಕ್ಕ ಊರು. ಅಲ್ಲಿನ ಕಪ್ಪು ಹೆಂಗಸರ ಹಿರಿಯರು ಹತ್ತಿ ತೋಟಗಳಲ್ಲಿ ಗುಲಾಮರಾಗಿದ್ದವರು. ನಮ್ಮ ನವಲಗುಂದದ ಎರೆ ಹೊಲವೂ ಹತ್ತಿಯದೇ, ಹಾಗಾಗಿ ಆ ಊರಿನ ಪಟಗಳನ್ನು ನೋಡಿದಾಗಲೆಲ್ಲ ನನಗೆ ದೂರದ ಊರು ಅನಿಸಿಲ್ಲ. ಈ ಪ್ರದರ್ಶನದಲ್ಲಿ ಹೊಲಿದವರ ಹೆಸರಿತ್ತು, ವರ್ಷವಿತ್ತು, ಅವರದೇ ಮಾತುಗಳಿದ್ದವು. ಅಲ್ಲಿನ ಒಂದು ಕ್ವಿಲ್ಟ್ 1942ರದು. ಮಿಸ್ಸೂರಿ ಪೆಟ್‌ವೇ ಎಂಬಾಕೆ ತೀರಿಹೋದ ಗಂಡನ ಹೊಲದ ಬಟ್ಟೆಗಳಿಂದ ಹೊಲಿದದ್ದು. ಅವನ ನೆನಪಿಗೆ, ಅವನ ಪ್ರೀತಿಯ ಕೆಳಗೆ ಮಲಗಲಿಕ್ಕೆ ಎಂದು ಹೊಲಿದ ಕತೆಯನ್ನು ಅವಳ ಮಗಳು ಅರ್ಲೊಂಜಿಯಾ ನೆನಪು ಮಾಡಿಕೊಂಡಿದ್ದಾಳೆ. ಮೊಣಕಾಲು ಊರಿ ಸವೆದ ಪ್ಯಾಂಟಿನ ತುಂಡುಗಳು ಅದರಲ್ಲಿವೆ. ಅದನ್ನು ಅಮೂರ್ತ ಚಿತ್ರ ಎಂದು ಮಾತ್ರ ನೋಡುವುದು ಸಾಧ್ಯವಿಲ್ಲ.

2006ರಲ್ಲಿ ಅಮೆರಿಕದ ಅಂಚೆ ಇಲಾಖೆ ಜೀಸ್ ಬೆಂಡ್ ಕ್ವಿಲ್ಟ್‌ಗಳ ಅಂಚೆಚೀಟಿ ತಂದಿತು. ಮರುವರ್ಷವೇ ಆ ಊರಿನ ಕೆಲವು ಹೊಲಿಗೆಗಾರ್ತಿಯರು ತಮ್ಮ ಕೆಲಸದಿಂದ ಬಂದ ಹಣದ ಬಗ್ಗೆ, ಹಕ್ಕಿನ ಬಗ್ಗೆ ನ್ಯಾಯಾಲಯದ ಮೆಟ್ಟಿಲು ಹತ್ತಿದರು. 2008ರಲ್ಲಿ ರಾಜಿಯಾಯಿತು. ಹೆಸರು ಬರೆದರೆ ಎಲ್ಲವೂ ಮುಗಿಯುವುದಿಲ್ಲ, ಲೆಕ್ಕ ಅಲ್ಲಿಂದ ಶುರುವಾಗುತ್ತದೆ ಎಂಬುದನ್ನು ಇದು ಕಲಿಸಿತು. ಹೆಸರು ಬರೆಯದಿದ್ದರೆ ಆ ಲೆಕ್ಕ ಕೇಳಲಿಕ್ಕೂ ಯಾರೂ ಇರುವುದಿಲ್ಲ.

ನಮ್ಮ ಪಕ್ಕದಲ್ಲೇ ಇಂಥದೊಂದು ಕತೆ ಇದೆ. ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನ ಸಿದ್ದಿ ಹೆಂಗಸರ ಕವಂದಿಗಳನ್ನು ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಾಲ್ ಅಧ್ಯಯನ ಮಾಡಿದರು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶೋಂಬರ್ಗ್ ಕೇಂದ್ರದಲ್ಲಿ ಅವು ಪ್ರದರ್ಶನಗೊಂಡವು. ನಾನು ಕಂಡ ಹೊದಿಕೆಗಳಲ್ಲೆಲ್ಲ ಕಣ್ಣಿಗೆ ಹೆಚ್ಚು ಕೆಲಸ ಕೊಡುವುದು ಸಿದ್ದಿ ಕವಂದಿಯೇ. ಒಂದು ಮೂಲೆಯಿಂದ ಶುರುವಾದ ಹೊಲಿಗೆ ಅಂಚಿನ ಗುಂಟ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬಂದು ನಿಲ್ಲುತ್ತದೆ. ಹೊಲಕ್ಕೆ ಪ್ರದಕ್ಷಿಣೆ ಹಾಕಿದಂತೆ. ನಾಲ್ಕೂ ಮೂಲೆಗೆ ಬಟ್ಟೆಯನ್ನು ಮಡಚಿ ಮಡಚಿ ಮಾಡಿದ ತ್ರಿಕೋನದ ಹೂವು ಇರುತ್ತದೆ, ಅದಕ್ಕೆ ಫೂಲಾ ಎನ್ನುತ್ತಾರೆ. ಫೂಲಾ ಇಲ್ಲದ ಕವಂದಿ ಬೆತ್ತಲೆ ಎಂಬ ಮಾತಿದೆ. ನನ್ನ ಮಟ್ಟಿಗೆ ಇದು ಪೂರ್ಣ ಪ್ರಮಾಣದ ಕಲಾವಿಮರ್ಶೆ. ಒಂದು ಕೃತಿ ಯಾವಾಗ ಮುಗಿಯಿತು, ಯಾವುದಿಲ್ಲದೆ ಅದು ಅಪೂರ್ಣ ಎಂಬುದಕ್ಕೆ ಮಾಡುವವರೇ ಇಟ್ಟುಕೊಂಡ ನಿಯಮ. ಗ್ಯಾಲರಿಯ ಚೀಟಿಯಲ್ಲಿ ಬರೆಯಬೇಕಾದ್ದು ಇಂಥವು.

ಆದರೆ ನಾವು ಬರೆಯುವುದು ಏನು? 'ಅಜ್ಜಿಯ ಮಡಿಲಿನ ಬೆಚ್ಚನೆ ಪ್ರೀತಿ.' ಧಾರವಾಡದ ಆ ಪ್ರದರ್ಶನದಲ್ಲಿ ಬಾಗಿಲ ಬಳಿಯ ಫಲಕದಲ್ಲಿ ಇದೇ ಬಗೆಯ ವಾಕ್ಯಗಳಿದ್ದವು. ಪ್ರೀತಿ ಇರಲಿಲ್ಲ ಎನ್ನುತ್ತಿಲ್ಲ. ಆದರೆ ನಾನು ಚಿಕ್ಕವಳಿದ್ದಾಗ ಸುಗ್ಗಿ ಮುಗಿದ ಮೇಲೆ ಗೊಂದಲಿಗರ ಹೆಣ್ಣುಮಕ್ಕಳು ನಮ್ಮ ಓಣಿಗೆ ಬರುತ್ತಿದ್ದರು. ಕೂಸನ್ನು ನೆರಳಲ್ಲಿ ಮಲಗಿಸಿ ಕಟ್ಟೆಯ ಮೇಲೆ ಕೂತು ಮಂದಿಯ ಮನೆಯ ಕೌದಿ ಹೊಲಿಯುತ್ತಿದ್ದರು. ಕೂಲಿ ಜೋಳವೋ ರೊಕ್ಕವೋ, ಅದಕ್ಕೂ ಮೊದಲು ಒಂದಷ್ಟು ಚೌಕಾಶಿ. ಅವರ ಕೈಯ ಸಾಲು ನೇರವಾಗಿ, ಒತ್ತಾಗಿ ಇರುತ್ತಿತ್ತು. ಆ ಕೌದಿಗಳು ಇವತ್ತು ಗೋಡೆಯ ಮೇಲೆ ಬಂದರೆ ಅವುಗಳ ಕೆಳಗೂ 'ಅಜ್ಜಿಯ ಪ್ರೀತಿ' ಎಂದೇ ಬರೆಯುತ್ತಾರೆ. ಕೂಲಿಗಾಗಿ ಹೊಲಿದವಳ ಜಾಣತನ ಹೊಲಿಸಿಕೊಂಡವಳ ವಾತ್ಸಲ್ಯವಾಗಿ ಬದಲಾಗಿಬಿಡುತ್ತದೆ. ಮೆಚ್ಚುಗೆಯ ಮಾತೂ ಒಮ್ಮೊಮ್ಮೆ ಹೀಗೆ ಕೂಲಿ ನುಂಗುತ್ತದೆ.

ನವಲಗುಂದ ಎಂದರೆ ಹೊರಗಿನವರಿಗೆ ನೆನಪಾಗುವುದು ಜಮಖಾನೆ. ಊರಿನ ಮುಸ್ಲಿಂ ಹೆಣ್ಣುಮಕ್ಕಳು ನಿಲುವು ಮಗ್ಗದ ಮೇಲೆ ನವಿಲು, ಪಗಡೆಯ ಹಾಸು ತೆಗೆದು ನೇಯುವ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆಯೂ ಇದೆ. ನಮ್ಮ ಮನೆಗಳಲ್ಲಿ ಕೆಳಗೆ ಜಮಖಾನೆ, ಮೇಲೆ ಕೌದಿ. ಜಮಖಾನೆಗೆ ಊರಿನ ಹೆಸರು ಅಂಟಿದೆ, ಅದರಿಂದ ನೇಯುವವರ ಬದುಕು ಬಹಳ ಹಸನಾಗಿಲ್ಲ ಎಂಬುದು ಬೇರೆ ಮಾತು. ಕೌದಿಗೆ ಅಂಥ ಹೆಸರೂ ಇಲ್ಲ. ಪ್ರತಿ ಮನೆಯಲ್ಲೂ ಇರುವುದಕ್ಕೆ ಗುರುತು ಯಾಕೆ ಎಂದು ಎಲ್ಲರೂ ಅಂದುಕೊಂಡಿದ್ದೇವೆ. ನಾನೂ ಹಾಗೆಯೇ ಅಂದುಕೊಂಡಿದ್ದೆ.

ಇಲ್ಲಿ ಒಂದು ತಪ್ಪೊಪ್ಪಿಗೆ ಇದೆ. ಆ ಚೀಟಿಯಲ್ಲಿ 'ತಿಳಿದಿಲ್ಲ' ಎಂದು ಬಂದದ್ದು ಪ್ರದರ್ಶನ ಏರ್ಪಡಿಸಿದವರ ತಪ್ಪಲ್ಲ. ಎರಡೂ ಕೌದಿಗಳ ಅರ್ಜಿ ತುಂಬಿದವಳು ನಾನು. ನನ್ನದಕ್ಕೆ 'ಕಲಾವಿದರ ಹೆಸರು' ಎಂಬಲ್ಲಿ ಪೂರ್ತಿ ಹೆಸರು, ಊರು, ಓದು ಎಲ್ಲ ಬರೆದೆ. ಅವ್ವನದಕ್ಕೆ ಆ ಜಾಗ ಖಾಲಿ ಬಿಟ್ಟು ಕೆಳಗೆ 'ಮನೆಯಲ್ಲಿದ್ದ ಹಳೆಯದು' ಎಂದು ಬರೆದೆ. ಕೈ ತಡೆಯಲೇ ಇಲ್ಲ. ಮೈನಾರ್ಡಿಯ ಲೇಖನವನ್ನು ಎರಡು ಸಲ ಓದಿದವಳು, ಜೀಸ್ ಬೆಂಡ್‌ನ ಹೆಂಗಸರ ಹೆಸರುಗಳನ್ನು ಬಾಯಿಪಾಠ ಹೇಳುವವಳು, ಪಡಸಾಲೆಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದ ಹೊಲಿಗೆಗಾರ್ತಿಯ ಹೆಸರನ್ನು ಬರೆಯಲಿಲ್ಲ. ನಾನು ಮಾಡಿದ್ದು ಕಲೆ, ಅವ್ವ ಮಾಡಿದ್ದು ಹೊದಿಕೆ ಎಂದು ನನ್ನೊಳಗೇ ಒಂದು ಬಿಳಿ ಗೋಡೆ ಇತ್ತು.

'ಸುಮಾರು 1985' ಎಂಬುದೂ ನಾನೇ ಬರೆದದ್ದು, ಅದೂ ತಪ್ಪು. ಆ ಕೌದಿಯ ಬೆನ್ನಿಗಿರುವ ಸೀರೆ ಅವ್ವನ ಮದುವೆಯದು. ಹೊಟ್ಟೆಯೊಳಗೆ ಅಜ್ಜಿಯ ಕಾಲದ ಇಡೀ ಒಂದು ಹಳೆಯ ಕೌದಿ ಇದೆ, ಅದು ಹರಿದ ಮೇಲೆ ಇದಕ್ಕೆ ತುಂಬಣವಾಯಿತು. ಮೇಲೆ ಇಳಕಲ್ ಸೀರೆಯ ಸೆರಗು, ಗುಳೇದಗುಡ್ಡದ ಖಣ, ಅಪ್ಪನ ಧೋತರದ ಅಂಚು, ಆಮೇಲೆ ಯಾವಾಗಲೋ ತೇಪೆಯಾಗಿ ಬಂದ ನನ್ನ ಶಾಲೆಯ ನೀಲಿ ಸ್ಕರ್ಟು. ಹೀಗೆ ಮೂರು ತಲೆಮಾರು ಕೈಯಾಡಿಸಿದ ವಸ್ತುವಿಗೆ ಒಂದು ಇಸವಿ ಅಂಟಿಸುವುದು ಹೇಗೆ? ಕೌದಿ ಮುಗಿಯುವುದು ಮಲಗುವವರು ಮುಗಿದಾಗಲೇ. ಚೀಟಿಯಲ್ಲಿ ಇಸವಿಯ ಜಾಗಕ್ಕೆ ಯಾವ ಅರಿವಿ ಎಲ್ಲಿಂದ ಬಂತು ಎಂದು ಬರೆದಿದ್ದರೆ ನೋಡುವವರಿಗೆ ಹೆಚ್ಚು ತಿಳಿಯುತ್ತಿತ್ತು.

ಇಷ್ಟೆಲ್ಲ ಹೇಳಿದ ಮೇಲೆ ಗೋಡೆಗೆ ಸಲ್ಲಬೇಕಾದ್ದನ್ನೂ ಸಲ್ಲಿಸಬೇಕು. ಆ ಕೌದಿಯ ಕೆಳಗೆ ನಾನು ಹತ್ತಾರು ಚಳಿಗಾಲ ಮಲಗಿದ್ದೇನೆ. ಆದರೆ ಅದನ್ನು ಒಮ್ಮೆಯೂ ಪೂರ್ತಿಯಾಗಿ ನೋಡಿರಲಿಲ್ಲ. ಹಾಸಿಗೆಯ ಮೇಲೆ ಅದು ಯಾವಾಗಲೂ ಮುದ್ದೆಯಾಗಿಯೋ ಮಡಚಿಯೋ ಇರುತ್ತದೆ. ಗೋಡೆಯ ಮೇಲೆ ಹನ್ನೆರಡು ಹೆಜ್ಜೆ ದೂರದಿಂದ ನೋಡಿದಾಗ ಮೊದಲ ಸಲ ಕಂಡಿತು, ಸೆರಗಿನ ಕೆಂಪು ತುಂಡುಗಳು ಎಲ್ಲಿಯೂ ಒಂದರ ಪಕ್ಕ ಒಂದು ಬಂದಿಲ್ಲ. ಬೂದು, ನೀಲಿ, ಮಾಸಿದ ಬಿಳಿಯ ನಡುವೆ ಅವು ಎಣಿಸಿಟ್ಟಂತೆ ಚದುರಿವೆ. ಕಣ್ಣು ಒಂದು ಕೆಂಪಿನಿಂದ ಇನ್ನೊಂದಕ್ಕೆ ನಡೆಯುತ್ತಾ ಇಡೀ ಕೌದಿಯನ್ನು ಸುತ್ತಿ ಬರುತ್ತದೆ. ಬೇಕೆಂದೇ ಹೀಗೆ ಮಾಡಿದ್ದೇನು ಎಂದು ಅವ್ವನನ್ನು ಕೇಳಿದೆ.

"ಕೆಂಪು ಸ್ವಲ್ಪ ಇತ್ತವಾ. ಒಂದ ಕಡೆ ಹಚ್ಚಿದ್ರ ಅಲ್ಲೇ ಮುಗೀತಿತ್ತು. ಅದಕ್ಕ ದೂರ ದೂರ ಹಚ್ಚೀನಿ, ಎಲ್ಲಾ ಕಡೆ ಇದ್ದಂಗ ಕಾಣ್ತೈತಿ."

ಕೊರತೆಯನ್ನು ಹೀಗೆ ಹಂಚಿ ಹಬ್ಬ ಮಾಡುವುದಕ್ಕೆ ಕಣ್ಣು ಬೇಕು, ಲೆಕ್ಕ ಬೇಕು. ಬಡತನದಿಂದ ಚೆಂದ ತಾನಾಗಿಯೇ ಹುಟ್ಟುವುದಿಲ್ಲ. ಬಡತನದಲ್ಲಿ ಕೆಟ್ಟ ಕೌದಿಗಳೂ ಬೇಕಾದಷ್ಟು ಹುಟ್ಟಿವೆ, ನಮ್ಮ ಮನೆಯಲ್ಲೇ ಎರಡಿವೆ. ಅವ್ವನದು ಚೆಂದವಾದದ್ದು ಅವಳು ಯೋಚಿಸಿದ್ದರಿಂದ. ಇದು ನನಗೆ ಕಂಡದ್ದು ಗೋಡೆಯ ದೆಸೆಯಿಂದ, ತಿಳಿದದ್ದು ಅವಳನ್ನು ಕೇಳಿದ್ದರಿಂದ. ಒಳ್ಳೆಯ ಪ್ರದರ್ಶನ ಈ ಎರಡಕ್ಕೂ ಎಡೆ ಮಾಡಿಕೊಡಬೇಕು.

ಹಾಗೆ ಮಾಡುವುದು ಕಷ್ಟವೂ ಅಲ್ಲ. ಒಂದೆರಡು ಕೌದಿಗಳನ್ನಾದರೂ ಗೋಡೆ ಬಿಡಿಸಿ ಕೋಣೆಯ ನಡುವೆ ಹಗ್ಗದ ಮೇಲೆ ಹಾಕಿದರೆ ಸಾಕು, ನಮ್ಮ ಹಿತ್ತಲಲ್ಲಿ ಹಾಕುವ ಹಾಗೆ. ಜನ ಸುತ್ತಿ ಬಂದು ಎರಡೂ ಮಗ್ಗಲು ನೋಡುತ್ತಾರೆ. ಹಳೆಯ, ಅಪರೂಪದ ಕೌದಿಗಳನ್ನು ಮುಟ್ಟಬಾರದೆಂಬುದು ಸರಿಯೇ, ಬೆವರು ತಾಗಿದರೆ ದಾರ ಸೋಲುತ್ತದೆ. ಅದಕ್ಕೆ ಮುಟ್ಟಲಿಕ್ಕೆಂದೇ ಒಂದು ಹೊಸದನ್ನು ಇಡಬಹುದು. ಎತ್ತಿ ನೋಡಲಿ, ತೂಕ ತಿಳಿಯಲಿ. ಕೌದಿಯ ಅರ್ಧ ಅರ್ಥ ಅದರ ತೂಕದಲ್ಲಿದೆ. ಮೈಮೇಲೆ ಬಿದ್ದ ಆ ಭಾರಕ್ಕೇ ನಿದ್ದೆ ಬರುವುದು, ಪಟದಲ್ಲಿ ಅದು ಬರುವುದಿಲ್ಲ. ಕೂಲಿಗೆ ಹೊಲಿದದ್ದಾದರೆ ಕೂಲಿಗೆ ಎಂದು ಬರೆಯಲಿ. ಹೆಸರು ನಿಜವಾಗಿ ಸಿಗದಿದ್ದರೆ 'ತಿಳಿದಿಲ್ಲ' ಎಂದು ಬರೆಯಲಿ, ಆದರೆ ಕೇಳಿದ ಮೇಲೆ.

ನಾನು ಆ ದಿನವೇ ಹೋಗಿ ವಿಷಯ ಹೇಳಿದೆ. ಅವರು ಬೇಸರಿಸದೆ ಹೊಸ ಚೀಟಿ ಬರೆದುಕೊಡಲು ಒಪ್ಪಿದರು. ಅವ್ವನೇ ಬೇಡವೆಂದಳು. "ಹೆಸರ ಬ್ಯಾಡ. ಎಷ್ಟ ಅರಿವಿ ಹಿಡದಾವು, ಎಷ್ಟ ದಿನಾ ಹಿಡದೈತಿ, ಅದನ್ನ ಬರೀರಿ." ಹಾಗೆಯೇ ಬರೆದರು: ಒಳಗೆ ಒಂದು ಹಳೆಯ ಕೌದಿ, ಹೊರಗೆ ಎರಡು ಸೀರೆ, ಒಂದು ಚಳಿಗಾಲ, ಇಬ್ಬರ ಕೈ. ಈ ಬರಹದಲ್ಲೂ ಅವಳ ಹೆಸರಿಲ್ಲದಿರುವುದು ಅದಕ್ಕೇ. ಕೇಳಿ ಬಿಟ್ಟದ್ದಕ್ಕೂ ಕೇಳದೆ ಬಿಟ್ಟದ್ದಕ್ಕೂ ನಡುವೆ ವ್ಯತ್ಯಾಸವಿದೆ ಎಂದು ನಂಬಿದ್ದೇನೆ.

ಇನ್ನು ನನ್ನ ಕೌದಿಯ ಬಗ್ಗೆ ಅವಳು ಹೇಳಿದ ಮಾತು. ಅದಕ್ಕೆ ಆ ಪ್ರದರ್ಶನದಲ್ಲಿ ಬಹಳ ಹೊಗಳಿಕೆ ಬಂದಿತ್ತು. ಅರಿಶಿಣ, ಕಡುನೀಲಿ, ಕಂದು, ಮೂರೇ ಬಣ್ಣ. ಇಬ್ಬರು ಬೆಲೆ ಕೇಳಿದ್ದರು. ಅವ್ವ ದೂರದಿಂದ ನೋಡಿ "ಬಣ್ಣ ಚಂದ ಹಚ್ಚೀದಿ" ಎಂದಳು. ಆಮೇಲೆ ಹುಡುಗ ಅತ್ತ ತಿರುಗಿದ್ದನ್ನು ನೋಡಿ ಕೈಯನ್ನು ಕೌದಿಯ ಹಿಂದೆ ತೂರಿಸಿದಳು. ಕಣ್ಣು ಮುಚ್ಚಿದಂತೆ ಮಾಡಿ ಬೆರಳಿನಿಂದ ಬೆನ್ನನ್ನು ಓದಿದಳು.

"ಹೊಲಿಗಿ ದೂರ ದೂರ ಬಿದ್ದಾವ. ಎರಡ ಸಲ ಒಗದ್ರ ಒಳಗಿನ ಅರಿವಿ ಗಂಟ ಆಕ್ಕಾವ."

ನನಗೆ ಸಿಟ್ಟು ಬಂತು. ಇದು ಒಗೆಯಲಿಕ್ಕೆ ಮಾಡಿದ್ದಲ್ಲ ಎಂದೆ. "ಹಂಗಾದ್ರ ಕೌದಿ ಅಂತ ಯಾಕ ಬರದಾರ?" ಎಂದಳು. ಬಸ್ಸಿನಲ್ಲಿ ವಾಪಸು ಬರುವಾಗ ಇಬ್ಬರೂ ಮಾತಾಡಲಿಲ್ಲ.

ಮನೆಗೆ ಬಂದ ಮೇಲೆ ಎರಡೂ ಕೌದಿಗಳನ್ನು ಬೋರಲು ಹಾಸಿ ಎಣಿಸಿದೆ. ಅವ್ವನದರಲ್ಲಿ ಒಂದು ಗೇಣಿಗೆ 18 ಸಾಲು. ನನ್ನದರಲ್ಲಿ 7. ಕಡಿಮೆ ಹೊಲಿದದ್ದು ಸೋಮಾರಿತನಕ್ಕಲ್ಲ. ಸಾಲು ಹೆಚ್ಚಾದರೆ ಬಣ್ಣ ಒಡೆಯುತ್ತದೆ, ಪಟದಲ್ಲಿ ಚೆನ್ನಾಗಿ ಬರುವುದಿಲ್ಲ ಎಂದು ಲೆಕ್ಕ ಹಾಕಿ ಬಿಟ್ಟಿದ್ದೆ. ಗೋಡೆ ಒಗೆಯುವುದಿಲ್ಲ, ಹೊರಳಾಡುವುದಿಲ್ಲ, ಕಾಲು ಚಾಚಿ ಎಳೆಯುವುದಿಲ್ಲ. ಗೋಡೆ ಕೇಳುವಷ್ಟೇ ಹೊಲಿದಿದ್ದೆ.

ನಮ್ಮಲ್ಲಿ ಮಹಾನವಮಿಗೆ ಮೊದಲು ಮನೆಯ ಹಾಸಿಗೆ ಹೊದಿಕೆಯನ್ನೆಲ್ಲ ಒಗೆಯುತ್ತೇವೆ. ಈ ಸಲ ನನ್ನ ಕೌದಿಯನ್ನೂ ಹಾಕಿದೆ. ಎಡಗಡೆಯ ಮೂಲೆಯಲ್ಲಿ, ಕಡುನೀಲಿಯ ಕೆಳಗೆ, ಒಳಗಿನ ಅರಿವಿ ಸರಿದು ಮುಷ್ಟಿಯಷ್ಟು ಗಂಟಾಯಿತು. ಎರಡು ಸಲ ಒಗೆಯುವುದೂ ಬೇಕಾಗಲಿಲ್ಲ. ಅವ್ವ ಅದನ್ನು ಹಗ್ಗದ ಮೇಲೆ ನೋಡಿದಳು, ಏನೂ ಅನ್ನಲಿಲ್ಲ. ಸಂಜೆ ಒಳಗೆ ತಂದು ಒಂದು ಬದಿಯ ಹೊಲಿಗೆ ಬಿಚ್ಚಿ, ಕೈ ಹಾಕಿ ಗಂಟನ್ನು ಸಡಿಲಿಸಿ ಹರಡಿದಳು. ಸೂಜಿಗೆ ದಾರ ಪೋಣಿಸಲು ಈಗ ಅವಳಿಗೆ ಕಣ್ಣು ಸಾಲದು. ನಾನು ಪೋಣಿಸಿ ಕೊಟ್ಟೆ, ಇನ್ನೊಂದು ಸೂಜಿ ನಾನು ತೆಗೆದುಕೊಂಡೆ.

ಎರಡು ಸಾಲಿನ ನಡುವೆ ಇನ್ನೊಂದು ಸಾಲು ಹಾಕುತ್ತಾ ಬರುತ್ತಿದ್ದೇವೆ. ಬಣ್ಣ ಮೊದಲಿನಷ್ಟು ಹೊಳೆಯುವುದಿಲ್ಲ, ನಿಜ. ಗೇಣಿಗೆ 14 ಆಗಿದೆ. ಅವ್ವ ಕೂತ ಕಡೆಯಿಂದ 16.